ನಾಲ್ಕು ಮೂಲೆಯ ಮಾತು

ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಆದರೆ ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಆಂಬುಲೆನ್ಸ್ ನಿಲ್ಲುವ ಜಾಗ ದಾಟಿ ಇಳಿಜಾರು ಇಳಿದರೆ ಸಿಗುವ ತಗಡು ಬಾಗಿಲಿನೊಳಗೆ ಆಗಲೇ ನಡುಹಗಲು. ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿವೆ. ಒಗೆಯುವ ಯಂತ್ರಗಳು ಹೊಟ್ಟೆ ತುಂಬ ಬಟ್ಟೆ ನುಂಗಿಕೊಂಡು ಗುಡುಗುಡು ಅನ್ನುತ್ತಿವೆ. ಸೋಪಿನ ವಾಸನೆ, ಬಿಸಿ ಹತ್ತಿಯ ವಾಸನೆ, ಎದುರಿಗಿದ್ದವರ ಮುಖವೇ ಮಸುಕಾಗುವಷ್ಟು ಆವಿ. ಆ ಆವಿಯೊಳಗಿಂದ ಒಂದು ದನಿ ಬರುತ್ತದೆ. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ.

"ಗಾಡಿಯಣ್ಣ, ಬಾ ಇಲ್ಲಿ. ಎರಡು ಮೂಲೆ ಹಿಡ್ಕೋ."

ವಾರ್ಡಿನಿಂದ ವಾರ್ಡಿಗೆ ಬಟ್ಟೆಗಾಡಿ ತಳ್ಳುವ ಗಾಡಿಯಣ್ಣ ನಿಂತಲ್ಲೇ ಭುಜ ಇಳಿಬಿಡುತ್ತಾನೆ. "ಅಯ್ಯೋ ಅಕ್ಕ, ಬೆಳಗ್ಗೆ ಬೆಳಗ್ಗೆ ನನಗೇ ಬಂತಾ ಚಾದರ?"

"ಬಂತು ಬಂತು! ನಿನಗೋಸ್ಕರಾನೇ ಒಗೆದು ಇಟ್ಟಿದ್ದು!" ಎಂದು ಇಸ್ತ್ರಿ ಯಂತ್ರದ ಕಡೆಯಿಂದ ಒಬ್ಬಾಕೆ ಕೂಗುತ್ತಾಳೆ. ಯಂತ್ರದ ಸದ್ದನ್ನೂ ಮೀರಿಸುವ ಆ ಗಂಟಲಿಗೆ ಇಲ್ಲಿನವರು ಇಟ್ಟಿರುವ ಹೆಸರು ಮೈಕು. ಸುತ್ತ ನಿಂತವರು ನಗುತ್ತಾರೆ. ಗಾಡಿಯಣ್ಣ ಪೆಚ್ಚುಮೋರೆ ಹಾಕಿಕೊಂಡು ಬಂದು ಬಿಳಿ ಚಾದರದ ಎರಡು ಮೂಲೆ ಹಿಡಿಯುತ್ತಾನೆ. ಇನ್ನೆರಡು ಮೂಲೆ ಅಕ್ಕನ ಕೈಯಲ್ಲಿ. ಜಗ್ಗಿ ಒಂದು ಸಲ ಕೊಡವುತ್ತಾರೆ. ಅಗಲಕ್ಕೆ ಮಡಿಸಿ ಇಬ್ಬರೂ ಎದುರೆದುರು ನಡೆದು ಬರುತ್ತಾರೆ. ಮೂಲೆಗೆ ಮೂಲೆ ಸೇರುವ ಹೊತ್ತಿಗೆ ಅಕ್ಕ ಹೇಳುವುದು ಒಂದೇ ಮಾತು.

"ನಿನ್ನೆ ಕೊಳೆ ಬಟ್ಟೆ ಗಾಡೀನ ಶುಭ್ರ ಬಟ್ಟೆ ದಾರೀಲಿ ತಂದೆ."

ಅಷ್ಟು ಹೇಳಿ ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಅವನೂ ಹಿಂದೆ ಸರಿಯಬೇಕು. ಹಿಂದೆ ಸರಿಯುವಾಗ, "ಯಾರು ಹೇಳಿದ್ದು?" ಅನ್ನುತ್ತಾನೆ. "ನಾನೇ ನೋಡ್ದೆ." ಮತ್ತೆ ಹತ್ತಿರ. ಈ ಸಲ ಅವನ ದನಿ ತಗ್ಗಿದೆ. "ಗಾಡಿ ಚಕ್ರ ಕಚ್ಚಿಕೊಳ್ತಿದೆ ಅಕ್ಕ. ಕೊಳೆ ದಾರಿ ಏರು. ಸೊಂಟ ಬಿದ್ದುಹೋಗುತ್ತೆ." ಅಕ್ಕ ಮಡಿಕೆಯ ಅಂಚು ಸವರುತ್ತಾರೆ. "ಚಕ್ರ ಕೆಟ್ಟಿದೆ ಅಂತ ಹೇಳು. ಅದನ್ನ ಸರಿ ಮಾಡಿಸೋದು ನನ್ನ ಕೆಲಸ. ಶುಭ್ರ ದಾರೀಲಿ ಮತ್ತೆ ಕೊಳೆ ಗಾಡಿ ಬರದೇ ಇರೋದು ನಿನ್ನ ಕೆಲಸ. ಅಲ್ಲಿ ಹಸುಗೂಸಿನ ಬಟ್ಟೆ ಹೋಗುತ್ತೆ."

"ಹೂಂ" ಅನ್ನುತ್ತಾನೆ ಗಾಡಿಯಣ್ಣ. ಚಾದರ ಚೌಕವಾಗಿ ರಾಶಿಯ ಮೇಲೆ ಕೂರುತ್ತದೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಅಕ್ಕ ಗಾಡಿಯ ಚಕ್ರ ನೋಡಲು ಬಗ್ಗುತ್ತಾರೆ.

ನಮ್ಮಲ್ಲಿ ಎಷ್ಟೋ ಜನ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಬಂದಿದ್ದೇವೆ. ಡಾಕ್ಟರ ಮುಖ ನೆನಪಿರುತ್ತದೆ, ಸೂಜಿ ಚುಚ್ಚಿದ ನರ್ಸಮ್ಮನನ್ನು ಬೈದುಕೊಂಡಿದ್ದೂ ನೆನಪಿರುತ್ತದೆ. ಬೆನ್ನ ಕೆಳಗಿದ್ದ ಆ ಚಾದರ ಎಲ್ಲಿಂದ ಬಂತು ಎಂದು ಮಾತ್ರ ಯೋಚಿಸಿರುವುದಿಲ್ಲ. ಈ ಆಸ್ಪತ್ರೆಯ ಮಟ್ಟಿಗೆ ಅದು ಈ ನೆಲಮಾಳಿಗೆಯಿಂದ ಬರುತ್ತದೆ. ದಿನಕ್ಕೆ ಸಾವಿರಾರು ಚಾದರ, ದಿಂಬಿನ ಚೀಲ, ರೋಗಿಗಳ ಅಂಗಿ, ಶಸ್ತ್ರಚಿಕಿತ್ಸೆಯ ಹಸಿರು ಬಟ್ಟೆ. ಇದನ್ನೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ, ಮಡಿಸಿ ಕಳಿಸುವ ಪಾಳಿಗೆ ಮೇಲ್ವಿಚಾರಕಿ ಈ ಅಕ್ಕ. ಹಾಜರಿ ಪಟ್ಟಿಯಲ್ಲಿ ಬೇರೆ ಹೆಸರಿರಬಹುದು. ಇಲ್ಲಿ ಎಲ್ಲರಿಗೂ ಅವರು ಮಡಿಕೆಯಕ್ಕ.

ಯಾರ ತಪ್ಪನ್ನಾದರೂ ಹೇಳಬೇಕಾದರೆ ಮಡಿಕೆಯಕ್ಕ ಅವರನ್ನು ಕೋಣೆಗೆ ಕರೆಯುವುದಿಲ್ಲ. ಚಾದರ ಹಿಡಿಸುತ್ತಾರೆ. ಅದಕ್ಕೇ ಇಲ್ಲಿ 'ಚಾದರ ಬಂತು' ಅಂದರೆ ಬುಲಾವ್ ಬಂತು ಎಂದೇ ಅರ್ಥ. ಯಾಕೆ ಹೀಗೆ ಎಂದು ಕೇಳಿದರೆ ಅವರ ಬಳಿ ಉತ್ತರ ಸಿದ್ಧವಿದೆ.

"ಎದುರಿಗೆ ಕುರ್ಚಿ ಹಾಕಿ ಕೂರಿಸಿದ್ರೆ ಕೋರ್ಟಿಗೆ ಬಂದ ಹಾಗಾಗುತ್ತೆ ಅವರಿಗೆ. ಕೈ ಖಾಲಿ. ಕಣ್ಣು ಎಲ್ಲಿಡಬೇಕು ಅಂತಾನೇ ಗೊತ್ತಾಗಲ್ಲ. ಚಾದರ ಹಿಡಿದ್ರೆ ಕೈಗೆ ಕೆಲಸ, ಕಣ್ಣಿಗೆ ಅಂಚು. ಹತ್ತಿರ ಬಂದಾಗ ನಾನು ಒಂದು ಮಾತು ಹೇಳ್ತೀನಿ. ದೂರ ಹೋಗೋವಾಗ ಅವರು ಯೋಚನೆ ಮಾಡ್ತಾರೆ. ಮತ್ತೆ ಹತ್ತಿರ ಬರಲೇಬೇಕಲ್ಲ, ಮಡಿಕೆ ಮುಗೀಬೇಕು! ಮಧ್ಯೆ ಬಿಟ್ಟು ಹೋದ್ರೆ ಚಾದರ ನೆಲಕ್ಕೆ ಬೀಳುತ್ತೆ, ಮತ್ತೆ ಒಗೀಬೇಕು. ಒಗೆಯೋ ಕಷ್ಟ ಗೊತ್ತಿರೋರು ಯಾರೂ ಬಿಡಲ್ಲ."

ಸ್ವಲ್ಪ ತಡೆದು ಇನ್ನೊಂದನ್ನೂ ಸೇರಿಸುತ್ತಾರೆ. "ನನಗೂ ಒಳ್ಳೇದೇ. ಸಿಟ್ಟು ಮಾಡ್ಕೊಂಡ್ರೆ ಕೈ ಬಿಗಿಯುತ್ತೆ, ಮಡಿಕೆ ಸೊಟ್ಟಗಾಗುತ್ತೆ. ಎಲ್ಲರಿಗೂ ಕಾಣುತ್ತೆ, ಅಕ್ಕನ ತಲೆ ಕೆಟ್ಟಿದೆ ಅಂತ."

ಮನೆಯಲ್ಲೂ ಇದರ ಬಿಸಿ ತಟ್ಟದೆ ಇಲ್ಲ. ಅಕ್ಕನ ಯಜಮಾನರು ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಚಿಕ್ಕ ಅಂಗಡಿ ಇಟ್ಟಿದ್ದಾರೆ. "ತಂತಿ ಮೇಲಿಂದ ಚಾದರ ತೆಗೀಬೇಕು ಬನ್ನಿ ಅಂತ ಇವಳು ಕರೆದ್ರೆ ಸಾಕು, ನನಗೆ ಅಂಗಡೀಲಿ ಅರ್ಜೆಂಟ್ ಕೆಲಸ ನೆನಪಾಗುತ್ತೆ" ಎಂದು ನಗುತ್ತಾರೆ ಅವರು. ಒಳಗಿನಿಂದ ಅತ್ತೆಯ ದನಿ ಕೇಳುತ್ತದೆ: "ನನಗೂ ಹಿಡಿಸಿದಾಳೆ ಬಿಡು. ಮಾತ್ರೆ ನುಂಗದೆ ಕಿಟಕಿ ಆಚೆ ಎಸೀತಿದ್ನಲ್ಲ, ಅವಾಗ."

ಈ ಚಾದರದ ಉಪಾಯ ಕಲಿಸಿದ್ದು ಯಾರು ಎಂದರೆ ಅಕ್ಕನ ಕೈ ತಾನಾಗಿಯೇ ಇಸ್ತ್ರಿ ಯಂತ್ರದ ಕಡೆ ಹೋಗುತ್ತದೆ. ಅಲ್ಲಿ ನೆಲಕ್ಕೆ ಬಳಿದ ಹಳದಿ ಗೆರೆಯ ಈಚೆ, ಕೈ ಹಿಂದೆ ಕಟ್ಟಿಕೊಂಡು ನಿಂತಿರುವ ಬಿಳಿ ಮೀಸೆಯವರು ದೊಡ್ಡಪ್ಪ. ಯಾರಿಗೂ ರಕ್ತಸಂಬಂಧಿ ಅಲ್ಲ, ಎಲ್ಲರಿಗೂ ದೊಡ್ಡಪ್ಪ. ಮಡಿಕೆಯಕ್ಕ ಇಲ್ಲಿಗೆ ಕೊಳೆ ಬಟ್ಟೆ ವಿಂಗಡಿಸುವ ಕೆಲಸಕ್ಕೆ ಸೇರಿದ ಕಾಲದಲ್ಲಿ ಇದ್ದ ಮೇಲ್ವಿಚಾರಕರು ಗಾಜಿನ ಕೋಣೆಯಿಂದ ಹೊರಗೆ ಬರುತ್ತಲೇ ಇರಲಿಲ್ಲವಂತೆ. ತಪ್ಪಾದರೆ ಧ್ವನಿವರ್ಧಕದಲ್ಲೇ ಬೈಗುಳ.

"ಒಂದು ದಿನ ಒಂದು ಹಸಿರು ಬಟ್ಟೆ ಬಿಳಿ ರಾಶೀಲಿ ಸೇರಿಸಿಬಿಟ್ಟಿದ್ದೆ. ಮಕ್ಕಳ ವಾರ್ಡಿನ ಚಾದರ ಅಷ್ಟೂ ಗಿಳಿ ಬಣ್ಣ ಆಗಿಹೋಯ್ತು. ಮಕ್ಕಳು ಖುಷಿಯಾಗಿದ್ರಂತೆ. ನನಗೆ ಮಾತ್ರ ಸ್ಪೀಕರಲ್ಲಿ ಇಡೀ ಕಟ್ಟಡಕ್ಕೆ ಕೇಳೋ ಹಾಗೆ, 'ಕಣ್ಣು ಮನೇಲಿ ಬಿಟ್ಟು ಬಂದಿದೀಯಾ' ಅಂತ. ಕಂಬಳಿ ಇಡೋ ಕೋಣೇಲಿ ಹೋಗಿ ಅಳ್ತಾ ಕೂತಿದ್ದೆ. ನಾಳೆಯಿಂದ ಬರಲ್ಲ ಅಂತ ತೀರ್ಮಾನಾನೂ ಮಾಡಿದ್ದೆ. ದೊಡ್ಡಪ್ಪ ಬಂದು, 'ಏಳಮ್ಮ, ಎರಡು ಮೂಲೆ ಹಿಡಿ' ಅಂದ್ರು. ಎರಡು ಚಾದರ ಮಡಿಸೋ ತನಕ ಮಾತೇ ಇಲ್ಲ. ಮೂರನೇದರಲ್ಲಿ ಹೇಳಿದ್ರು, 'ತಪ್ಪಾಗಿದ್ದು ನಿಜ. ಇನ್ಮೇಲೆ ಹಸಿರು ಬಟ್ಟೆ ಎಡಗಡೆ ಹಾಕು, ಬಿಳಿ ಬಲಗಡೆ' ಅಂತ. ಸಮಾಧಾನವೂ ಮಾಡಲಿಲ್ಲ, ಬೈಯಲೂ ಇಲ್ಲ. ಮಾರನೇ ದಿನ ನಾನು ಕೆಲಸಕ್ಕೆ ಬಂದಿದ್ದೆ."

ಗಾಜಿನ ಕೋಣೆಯವರು ನಿವೃತ್ತರಾದಾಗ ಆ ಜಾಗಕ್ಕೆ ಮೊದಲು ಕೇಳಿದ್ದು ದೊಡ್ಡಪ್ಪನನ್ನೇ. ಇಸ್ತ್ರಿ ಯಂತ್ರ ಬಿಟ್ಟು ಬರಲಾರೆ ಎಂದ ಅವರು ಬೆರಳು ಮಾಡಿ ತೋರಿಸಿದ್ದು ಈ ಅಕ್ಕನನ್ನು. "ಇವಳಿಗೆ ಕೊಡಿ. ಇವಳು ಕೇಳಿಸ್ಕೊಳ್ತಾಳೆ" ಅಂದರಂತೆ.

ಅಂಥ ದೊಡ್ಡಪ್ಪನಿಗೇ ಚಾದರ ಹಿಡಿಸಬೇಕಾದ ದಿನ ಬಂದಿದ್ದು ಕಳೆದ ವರ್ಷ.

ಇಸ್ತ್ರಿ ಯಂತ್ರ ಎಂದರೆ ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ನೆನೆಸಿಕೊಳ್ಳಬೇಡಿ. ಒಂದು ಕೋಣೆಯಷ್ಟು ಅಗಲದ, ಕೆಂಡದ ಹಾಗೆ ಕಾಯುವ ಉರುಳೆ. ಒದ್ದೆ ಚಾದರದ ಅಂಚನ್ನು ಇಬ್ಬರು ಹಿಡಿದು ಅದರ ಬಾಯಿಗೆ ಕೊಟ್ಟರೆ ಅದು ಎಳೆದುಕೊಂಡು, ಒಣಗಿಸಿ, ಗರಿಗರಿ ಮಾಡಿ ಆಚೆ ಬಿಡುತ್ತದೆ. ಅದಕ್ಕೆ ಚಾದರ ಯಾವುದು, ಕೈ ಯಾವುದು ಗೊತ್ತಾಗುವುದಿಲ್ಲ. ಅದಕ್ಕೇ ಬಾಯಿಯ ಮುಂದೆ ಒಂದು ತೆಳು ಸರಳು ಇರುತ್ತದೆ, ಕಾವಲು ಕಂಬಿ ಅನ್ನುತ್ತಾರೆ. ಬೆರಳು ತಾಗಿದರೆ ಸಾಕು, ಯಂತ್ರ ಗಕ್ಕನೆ ನಿಲ್ಲುತ್ತದೆ.

ಒಂದು ಸಂಜೆ ಪಾಳಿ ಮುಗಿದ ಮೇಲೆ ಯಂತ್ರ ಒರೆಸುತ್ತಿದ್ದ ಅಕ್ಕನಿಗೆ ಆ ಕಂಬಿ ಅಲ್ಲಾಡದೆ ಇರುವುದು ಗೊತ್ತಾಯಿತು. ಬಗ್ಗಿ ನೋಡಿದರೆ, ಹರಿದ ಚಾದರದ ಪಟ್ಟಿಯಿಂದ ಅದನ್ನು ಹಿಂದಕ್ಕೆ ಎಳೆದು ಬಿಗಿದು ಕಟ್ಟಿದ್ದಾರೆ. ಗಂಟು ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ಅಷ್ಟು ಅಚ್ಚುಕಟ್ಟಾದ ಗಂಟು ಹಾಕುವವರು ಆ ಕೋಣೆಯಲ್ಲಿ ಒಬ್ಬರೇ.

ಬಿಚ್ಚಿದರು. ಮರುದಿನ ಬೆಳಗ್ಗೆ ನೋಡಿದರೆ ಮತ್ತೆ ಕಟ್ಟಿದೆ, ಹೊಸ ಪಟ್ಟಿ.

ಕಾವಲು ಕಂಬಿ ಕಟ್ಟಿದವರಿಗೆ ಆಸ್ಪತ್ರೆಯ ನಿಯಮದಲ್ಲಿ ಒಂದೇ ಶಿಕ್ಷೆ, ಮನೆಗೆ ಹೋಗುವುದು. ಬಾಯಿಬಿಟ್ಟರೆ ದೊಡ್ಡಪ್ಪನ ಕೆಲಸ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಅವರ ಕೈಯೋ, ಅವರ ಪಕ್ಕದಲ್ಲಿ ನಿಂತು ಚಾದರ ಕೊಡುವ ಮೈಕು ಕೈಯೋ ಹೋಗುತ್ತದೆ. ಎಲ್ಲರಿಗೂ ಲೀಲಾಜಾಲವಾಗಿ ಚಾದರ ಹಿಡಿಸುತ್ತಿದ್ದ ಅಕ್ಕನಿಗೆ ಆ ಬೆಳಗ್ಗೆ ನಾಲಿಗೆ ಏಳಲಿಲ್ಲ. ಚಾದರ ಬಿಟ್ಟು ಚಹಾ ಹಿಡಿದುಕೊಂಡು ಹೋದರು.

"ಬೆಂಚ್ ಮೇಲೆ ಕೂತು ಏನೇನೋ ಹೇಳ್ದೆ. 'ಇಷ್ಟು ವರ್ಷ ನಿಂತು ನಿಂತು ಸಾಕಾಗಿದೆ ಅಲ್ವಾ ದೊಡ್ಡಪ್ಪ, ನಿಮ್ಮಂಥೋರು ಇನ್ನು ಸ್ವಲ್ಪ ಕೂತು ಕೆಲಸ ಮಾಡೋ ಹಾಗಾಗಬೇಕು, ಹೊಸಬರನ್ನ ನೋಡ್ಕೋಬೇಕು' ಅಂತ. ಬೆಣ್ಣೆ ಹಚ್ಚಿದ್ದೇ ಹಚ್ಚಿದ್ದು. ಅವರಿಗೆ ಅರ್ಥ ಆಗುತ್ತೆ ಅಂದ್ಕೊಂಡೆ."

ದೊಡ್ಡಪ್ಪನಿಗೆ ಅರ್ಥವಾಯಿತು, ಆದರೆ ಬೇರೆಯೇ ಅರ್ಥ! ತನಗೆ ಬಡ್ತಿ ಬರುತ್ತಿದೆ ಎಂದುಕೊಂಡರು. ಮಧ್ಯಾಹ್ನದ ಬಿಡುವಿಗೆ ಕ್ಯಾಂಟೀನಿನಿಂದ ಎಲ್ಲರಿಗೂ ಒಂದೊಂದು ಸಿಹಿ ಬನ್ನು ತಂದು ಹಂಚಿದರು. "ದೊಡ್ಡಪ್ಪನಿಗೆ ಕುರ್ಚಿ ಬಂತು! ಇನ್ನು ಕಾಲು ಅಲ್ಲಾಡಿಸ್ಕೊಂಡು ಕೂರ್ತಾರೆ!" ಎಂದು ಮೈಕು ಸಾರಿದಳು. ಅಕ್ಕನ ಕೈಗೂ ಒಂದು ಬನ್ನು ಬಂತು.

"ಅದನ್ನ ನೀರು ಕುಡಿದು ನುಂಗಿದೆ."

ಬಿಡುವು ಮುಗಿದು ಯಂತ್ರ ಮತ್ತೆ ಓಡತೊಡಗಿತು. ಬಡ್ತಿಯ ತಮಾಷೆ ಮಾಡುತ್ತ ಚಾದರ ಕೊಡುತ್ತಿದ್ದ ಮೈಕುವಿನ ಅಂಗಿತೋಳಿನ ಅಂಚು ಚಾದರದ ಜೊತೆ ಉರುಳೆಯ ಬಾಯಿಗೆ ಹೋಯಿತು. ಅವಳು ಸರಕ್ಕನೆ ಎಳೆದುಕೊಂಡಳು. ತೋಳಿನ ಹೊಲಿಗೆ ಕಿತ್ತುಬಂತು, ಕೈ ಉಳಿಯಿತು. ಯಂತ್ರ ಮಾತ್ರ ನಿಲ್ಲಲೇ ಇಲ್ಲ. "ನೋಡ್ರೇ, ಮೆಷಿನ್‌ಗೂ ನನ್ನ ಮೇಲೆ ಮನಸ್ಸಾಗಿದೆ!" ಎಂದು ಅವಳು ನಕ್ಕಳು.

"ಅವಳು ನಕ್ಕಳು. ನಾನು ಹೋಗಿ ಕೆಂಪು ಗುಂಡಿ ಒತ್ತಿದೆ. ಇವತ್ತಿಗೆ ಸಾಕು, ಉಳಿದಿದ್ದನ್ನ ಇನ್ನೊಂದು ಮೆಷಿನ್‌ಗೆ ಹಾಕಿ ಅಂದೆ. ದೊಡ್ಡಪ್ಪನ ಮುಖ ನೋಡ್ದೆ. ಅವರ ಮುಖದಲ್ಲಿ ರಕ್ತ ಇರಲಿಲ್ಲ."

ಆ ಸಂಜೆ ಮನೆಯ ಹಿಂದಿನ ತಂತಿಯ ಹತ್ತಿರ ಯಜಮಾನರು ಕೇಳಿದರಂತೆ, ಅಷ್ಟಕ್ಕೂ ಬೆಳಗ್ಗೆ ಅವರಿಗೆ ನೀನು ಹೇಳಿದ್ದೇನು ಎಂದು. ಅಕ್ಕ ಯೋಚಿಸಿ ಉತ್ತರ ಕೊಟ್ಟರು: "ಕಂಬಿ ವಿಷಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ."

ಮರುದಿನ ಬೇರೆ ಯಾರೂ ಬರುವ ಮೊದಲೇ ಇಬ್ಬರೂ ಬಂದಿದ್ದರು. ಯಂತ್ರ ತಣ್ಣಗಿತ್ತು. ಅಕ್ಕ ರಾಶಿಯಿಂದ ಒಂದು ಚಾದರ ತೆಗೆದು ಕೊಡವಿದರು.

"ದೊಡ್ಡಪ್ಪ, ಎರಡು ಮೂಲೆ ಹಿಡ್ಕೊಳ್ಳಿ."

ದೊಡ್ಡಪ್ಪ ನಕ್ಕರು. ಒಳ್ಳೆಯ ನಗು ಅಲ್ಲ. "ಚಾದರಾನಾ? ನನಗಾ? ಇದನ್ನ ನಿನಗೆ ಕಲಿಸಿದ್ದು ಯಾರು?"

"ನೀವೇ."

"ಮತ್ತೆ?"

"ಅದಕ್ಕೇ ನಿಮ್ಮ ಹತ್ರ ಸುಳ್ಳಾಡೋಕೆ ಆಗಲ್ಲ. ಹಿಡ್ಕೊಳ್ಳಿ."

ದೊಡ್ಡಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡರು. ಚಾದರದ ಆಚೆ ತುದಿ ನೆಲಕ್ಕೆ ಬಿತ್ತು. ಒಗೆದ ಚಾದರ ನೆಲಕ್ಕೆ ಬಿದ್ದರೆ ಎಂಥ ಸಿಟ್ಟಿನಲ್ಲೂ ಎತ್ತಿಕೊಳ್ಳುವ ಮನುಷ್ಯ ಸುಮ್ಮನೆ ನಿಂತಿದ್ದರು. ಅಕ್ಕ ತಮ್ಮ ಎರಡು ಮೂಲೆ ಹಿಡಿದುಕೊಂಡೇ ಹೇಳಿದರು.

"ಕಾವಲು ಕಂಬಿ ಕಟ್ಟಿರೋದು ನೀವು. ಇವತ್ತಿಂದ ಆ ಮೆಷಿನ್ ನೀವು ಮುಟ್ಟೋ ಹಾಗಿಲ್ಲ. ನಿನ್ನೆ ಬೆಳಗ್ಗೆ ಹೇಳಬೇಕಾಗಿದ್ದು ಇದೇ. ಹೇಳ್ಲಿಲ್ಲ. ಅದು ನನ್ನ ತಪ್ಪು."

ಆಮೇಲೆ ಬಂದಿದ್ದು ಬಿರುಗಾಳಿ. ನಿನ್ನನ್ನು ಕೆಲಸದಲ್ಲಿ ಉಳಿಸಿದ್ದು ನಾನು, ಆ ಕುರ್ಚಿ ಕೊಡಿಸಿದ್ದು ನಾನು, ಈಗ ನನ್ನ ಹೊಟ್ಟೆ ಮೇಲೆ ಹೊಡೀತೀಯಾ, ಎರಡು ದಿನದಲ್ಲಿ ನಾನು ಬೇಡವಾದೆನಾ ಎಂದು ದೊಡ್ಡಪ್ಪ ಒಂದೇ ಸಮನೆ ಅಂದರು. ಅಕ್ಕ ಒಂದಕ್ಕೂ ಎದುರಾಡಲಿಲ್ಲ.

"'ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ ದೊಡ್ಡಪ್ಪ' ಅನ್ನೋ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಆ ಮಾತಿಂದ ಹೇಳೋರಿಗೆ ಸಮಾಧಾನ ಆಗುತ್ತೆ, ಕೇಳೋರಿಗೆ ಮೈ ಉರಿಯುತ್ತೆ. ಅವರು ಅನ್ನೋದೆಲ್ಲ ನಿಜಾನೇ. ಕಂಬಿ ಕಟ್ಟಿರೋದೂ ನಿಜ. ಎರಡೂ ನಿಜ ಆಗಿರೋವಾಗ ಸುಮ್ನೆ ನಿಂತ್ಕೋಬೇಕು. ನಿಂತ್ಕೊಂಡೆ. ಬಿಟ್ಟು ಮಾತ್ರ ಹೋಗಲಿಲ್ಲ."

ಬಿರುಗಾಳಿ ನಿಂತಿತು. ದೊಡ್ಡಪ್ಪ ಬಗ್ಗಿ ನೆಲದ ಮೇಲಿದ್ದ ಮೂಲೆ ಎತ್ತಿಕೊಂಡರು. ಅದು ಜಾರಿಹೋಯಿತು. ಮತ್ತೆ ಹಿಡಿದರು. ಮತ್ತೆ ಜಾರಿತು. ಮೂರನೆಯ ಸಲ ಮುಷ್ಟಿ ಕಟ್ಟಿ, ಹಗ್ಗ ಹಿಡಿದ ಹಾಗೆ ಹಿಡಿದುಕೊಂಡರು. ಚಾದರ ಬೇಡ ಎಂದು ಅವರು ಕೈ ಹಿಂದೆ ಕಟ್ಟಿದ್ದು ಸೊಕ್ಕಿನಿಂದಲ್ಲ ಎಂದು ಅಕ್ಕನಿಗೆ ಹೊಳೆದಿದ್ದು ಆಗ.

"ಸಿಗ್ತಾ ಇಲ್ಲ ಮಗಳೇ" ಅಂದರು ದೊಡ್ಡಪ್ಪ. "ಹಿಡಿದಿದೀನೋ ಇಲ್ವೋ, ನೋಡಿದ್ರೇನೇ ಗೊತ್ತಾಗೋದು. ಆ ಗಂಟೂ ನೋಡ್ಕೊಂಡೇ ಹಾಕಿದ್ದು."

ಸಕ್ಕರೆ ಕಾಯಿಲೆ ಬೆರಳಿನ ಅರಿವನ್ನೇ ತಿಂದುಹಾಕಿತ್ತು. ಎಲ್ಲಿ ತಾಗುತ್ತಿದೆ ಎಂದು ತಿಳಿಯದೆ ಅವರ ಬೆರಳು ಪದೇ ಪದೇ ಕಂಬಿಗೆ ತಾಗುತ್ತಿತ್ತು, ಯಂತ್ರ ಪದೇ ಪದೇ ನಿಲ್ಲುತ್ತಿತ್ತು. ಯಾಕೆ ನಿಲ್ಲುತ್ತಿದೆ ಎಂದು ಯಾರಾದರೂ ಕೇಳುವ ಮೊದಲು ಕಂಬಿಯನ್ನೇ ಕಟ್ಟಿಬಿಟ್ಟಿದ್ದರು. ಕೈಗವಸು ತೆಗೆದು ತೋರಿಸಿದರೆ ಎರಡು ಬೆರಳ ತುದಿ ಸುಟ್ಟು ಕಪ್ಪಾಗಿದೆ. ಮನೆಯಲ್ಲಿ ದೊಡ್ಡಮ್ಮನಿಗೂ ಹೇಳಿರಲಿಲ್ಲ.

"ಆ ಮೆಷಿನ್ ಬಿಟ್ರೆ ಇಲ್ಲಿ ನಾನು ಯಾರು ಹೇಳು" ಎಂದರಂತೆ.

"ಅದಕ್ಕೆ ಉತ್ತರ ಇನ್ನೂ ನನಗೆ ಗೊತ್ತಿಲ್ಲ ದೊಡ್ಡಪ್ಪ. ಕೆಲಸ ಉಳಿಯುತ್ತೆ ಅಂತಾನೂ ಮಾತು ಕೊಡಲ್ಲ. ನಿಮ್ಮ ಬೆನ್ನ ಹಿಂದೆ ಒಂದು ಮಾತೂ ಆಡಲ್ಲ, ಅದೊಂದು ಕೊಡ್ತೀನಿ. ಮೇಲೆ ಹೋಗೋಣ. ನೀವೇ ಹೇಳಿ. ನಾನು ಪಕ್ಕದಲ್ಲಿರ್ತೀನಿ."

ಚಾದರ ಮಡಿಸಿ ಮುಗಿಸಿದರು. ನೆಲಕ್ಕೆ ಬಿದ್ದಿದ್ದರಿಂದ ಅದನ್ನು ಒಗೆಯುವ ಬುಟ್ಟಿಗೆ ಹಾಕಿದರು. ಮೆಟ್ಟಿಲು ಹತ್ತಿದರು.

ಆಸ್ಪತ್ರೆಯ ವ್ಯವಸ್ಥಾಪಕರು ಒಳ್ಳೆಯವರೇ. ದೊಡ್ಡಪ್ಪ ಹೇಳುವುದನ್ನೆಲ್ಲ ಪೂರ್ತಿ ಕೇಳಿಸಿಕೊಂಡು ಹಣೆ ಒತ್ತಿಕೊಂಡರು. "ನಿಯಮ ಏನಿದೆ ಅಂತ ನಿಮಗೂ ಗೊತ್ತಲ್ಲಮ್ಮಾ" ಎಂದು ಅಕ್ಕನ ಕಡೆ ತಿರುಗಿದರು.

"ಗೊತ್ತು ಸರ್. ಯಾರ ಬೆರಳೂ ಹೋಗಬಾರದು ಅಂತ ತಾನೇ ಆ ನಿಯಮ? ಇವರನ್ನ ಇವತ್ತು ಮನೆಗೆ ಕಳಿಸಿದ್ರೆ, ನಾಳೆ ಕೈ ಮರಗಟ್ಟಿದೋರು ಇನ್ನೂ ಚೆನ್ನಾಗಿ ಮುಚ್ಚಿಡ್ತಾರೆ. ಗಂಟು ನಮಗೆ ಕಾಣದ ಕಡೆ ಹಾಕ್ತಾರೆ. ಬಂದು ಹೇಳಿದೋರಿಗೆ ಬಾಗಿಲು ತೋರಿಸಿದ್ರೆ ಇನ್ನು ಯಾರು ಸರ್ ಬಂದು ಹೇಳೋದು?"

ಅಕ್ಕ ಮುಂದುವರಿಸಿದರು. "ಶಿಕ್ಷೆ ಬೇಡ ಅಂತಿಲ್ಲ. ಕೊಡೋದಾದ್ರೆ ನನಗೂ ಕೊಡಿ. ನಿನ್ನೆ ನನಗೆ ಗೊತ್ತಿದ್ದೂ ಆ ಮೆಷಿನ್ ಓಡ್ತು."

"ಇದನ್ನ ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ" ಅಂದರಂತೆ ಅವರು.

"ಅದಕ್ಕೇ ಹೇಳಿದ್ದು ಸರ್."

ಸಂಜೆಯವರೆಗೆ ಸಮಯ ಬೇಕು ಎಂದರು ವ್ಯವಸ್ಥಾಪಕರು. ಕೆಳಗೆ ಬಂದರೆ ಪಾಳಿಯವರೆಲ್ಲ ನಿಂತ ಯಂತ್ರದ ಮುಂದೆ ಸೇರಿದ್ದಾರೆ. ನಾನು ಹೇಳಲಾ ಎಂದು ಅಕ್ಕ ಕೇಳಿದರು. "ಬೇಡ. ಬನ್ನು ಹಂಚಿದೋನು ನಾನು" ಎಂದು ದೊಡ್ಡಪ್ಪ ಮುಂದೆ ಬಂದರು. ಹರಿದ ಚಾದರದ ಆ ಪಟ್ಟಿ ಎತ್ತಿ ತೋರಿಸಿದರು. ಕಂಬಿ ಕಟ್ಟಿದ್ದು, ಬೆರಳು ಸತ್ತಿದ್ದು, ಮುಚ್ಚಿಟ್ಟಿದ್ದು ಎಲ್ಲ ಹೇಳಿದರು. ಕೊನೆಗೆ, "ಬಡ್ತಿಯೂ ಇಲ್ಲ, ಗಿಡ್ತಿಯೂ ಇಲ್ಲ. ಬನ್ನು ತಿಂದೋರು ಕ್ಷಮಿಸಿ" ಅಂದರು.

ಜೀವಮಾನದಲ್ಲಿ ಮೊದಲ ಸಲ ಮೈಕು ದನಿ ಅಡಗಿಹೋಗಿತ್ತು. ಕಿತ್ತುಹೋಗಿದ್ದ ತೋಳಿನ ಹೊಲಿಗೆಯನ್ನು ಅವಳು ರಾತ್ರಿ ಕೂತು ಹಾಕಿಕೊಂಡು ಬಂದಿದ್ದಳು. ಅದನ್ನೇ ಮುಟ್ಟಿ ನೋಡಿಕೊಂಡು ಮೆಲ್ಲಗೆ ಕೇಳಿದಳು. "ನನ್ನ ಕೈ ಹೋಗಿದ್ರೆ ಇನ್ನೊಂದು ಬನ್ನನ್ನ ನಾನು ಯಾವ ಕೈಯಲ್ಲಿ ತಿಂತಿದ್ದೆ ದೊಡ್ಡಪ್ಪ?"

ಒಂದು ವಾರ ಅವಳು ಅವರ ಜೊತೆ ಮಾತು ಬಿಟ್ಟಿದ್ದಳು. ರಾಜಿ ಮಾಡಿಸಲು ಅಕ್ಕ ಹೋಗಲಿಲ್ಲ. "ಅವಳಿಗೆ ಸಿಟ್ಟು ಮಾಡ್ಕೊಳ್ಳೋ ಹಕ್ಕಿದೆ. ಅದನ್ನ ಯಾಕೆ ನಾನು ಕಿತ್ಕೊಳ್ಳಲಿ?"

ಸಂಜೆ ತೀರ್ಮಾನ ಬಂತು. ಇಬ್ಬರಿಗೂ ಲಿಖಿತ ಎಚ್ಚರಿಕೆ. ದೊಡ್ಡಪ್ಪ ಇನ್ನು ಯಾವತ್ತೂ ಯಂತ್ರ ಓಡಿಸುವಂತಿಲ್ಲ. ಇದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ತೆಗೆದುಕೊಳ್ಳಬೇಕು. ಕೆಲಸ ಉಂಟು. ಯಾವ ಕೆಲಸ ಎನ್ನುವುದನ್ನು ಅಕ್ಕನೇ ಹೇಳಬೇಕು. ಅಕ್ಕ ಆ ಹೊತ್ತಿಗೆ ಯೋಚಿಸಿಟ್ಟಿದ್ದರು. ದಿನಾ ಬೆಳಗ್ಗೆ ಯಂತ್ರಕ್ಕೆ ಕಾವು ಕೊಡುವ ಮೊದಲು, ಎಲ್ಲರ ಎದುರಿಗೆ, ಪ್ರತಿ ಯಂತ್ರದ ಕಾವಲು ಕಂಬಿಯನ್ನೂ ಕೋಲಿನಿಂದ ತಾಗಿಸಿ ನಿಲ್ಲಿಸಿ ನೋಡುವುದು, ಹೊಸಬರಿಗೆ ಚಾದರ ಕೊಡುವುದನ್ನು ಹಳದಿ ಗೆರೆಯ ಈಚೆ ನಿಂತು ಕಲಿಸುವುದು. ಕಂಬಿ ಕಟ್ಟಿದವರಿಗೇ ಕಂಬಿಯ ಕಾವಲು!

"ಮೊದಲ ದಿನ ನಾಚಿಕೆಯಿಂದ ಸತ್ತೆ" ಎನ್ನುತ್ತಾರೆ ದೊಡ್ಡಪ್ಪ. ಈಗ ನಗು ಇದೆ, ಒಳ್ಳೆಯ ನಗು. "ವಾರ್ಡಲ್ಲಿ ಮಲಗಿಸಿದ್ರಲ್ಲ, ಕೆಳಗೆ ಹಾಸಿದ್ದ ಚಾದರ ನಮ್ಮದೇ. ಇಸ್ತ್ರೀಲಿ ಸುಕ್ಕಿತ್ತು. ನರ್ಸಮ್ಮಂಗೆ ತೋರಿಸಿದೆ. ಅವರು, 'ತೆಪ್ಪಗೆ ಮಲ್ಕೊಳಿ ಅಜ್ಜಾ' ಅಂದ್ರು." ಆಮೇಲೆ ದನಿ ತಗ್ಗಿಸಿ ಅಕ್ಕನ ಕಡೆ ನೋಡುತ್ತಾರೆ. "ಅವತ್ತು ಅವಳು ಒಂದು ಮಾತು ಕಮ್ಮಿ ಆಡಿದ್ರೂ ನಾನು ಮನೆಗೆ ಹೋಗ್ತಿದ್ದೆ. ಒಂದು ಮಾತು ಜಾಸ್ತಿ ಆಡಿದ್ರೂ ಹೋಗ್ತಿದ್ದೆ."

ಆದರೆ ನಿಜವಾದ ಗೆಲುವು ಬಂದಿದ್ದು ಆಮೇಲೆ, ಅದೂ ಯಾರೂ ಕರೆಯದೆ. ದೊಡ್ಡಪ್ಪನಿಗೆ ಕೆಲಸ ಉಳಿದ ಸುದ್ದಿ ಗೊತ್ತಾದ ಮಾರನೆಯ ದಿನ ಇನ್ನೊಂದು ಯಂತ್ರದವರು ಅಕ್ಕನ ಹತ್ತಿರ ಬಂದು ನಿಂತರು. ತಮ್ಮ ಕಂಬಿಗೂ ಒಂದು ಮರದ ಚಕ್ಕೆ ಸಿಗಿಸಿದ್ದೆವು, ಕೆಲಸ ಬೇಗ ಆಗಲಿ ಎಂದು, ತೆಗೆದುಬಿಟ್ಟೆವು ಅಂದರು. ಬಸುರಾಗಿ ತಿಂಗಳುಗಳಾದರೂ ಭಾರದ ಬುಟ್ಟಿ ಎತ್ತುತ್ತಿದ್ದವಳು ಬಾಯಿಬಿಟ್ಟಳು. ಆವಿಗೆ ಉಬ್ಬಸ ಬರುತ್ತದೆ ಎಂದು ಒಬ್ಬ ಹೇಳಿದ, ಅವನನ್ನು ಕಿಟಕಿಯ ಕಡೆ ಹಾಕಿದರು. ಮೊದಲು ಅಕ್ಕ ಚಾದರ ಹಿಡಿದು ಜನರನ್ನು ಹುಡುಕುತ್ತಿದ್ದರೆ ಈಗ ಜನರೇ ಚಾದರ ತಂದು, "ಅಕ್ಕ, ಎರಡು ಮೂಲೆ ಹಿಡೀರಿ, ಒಂದು ವಿಷಯ ಇದೆ" ಅನ್ನುತ್ತಾರೆ. ಅಕ್ಕನಿಗೇ ಚಾದರ ಹಿಡಿಸಿದವರೂ ಇದ್ದಾರೆ. ಪಾಳಿ ಹಂಚುವುದರಲ್ಲಿ ನೀವು ಮೈಕು ಕಡೆ ವಾಲುತ್ತೀರಿ ಎಂದು ಗಾಡಿಯಣ್ಣ ಮುಖಕ್ಕೇ ಹೇಳಿದ್ದ. "ನೋಡ್ದೆ. ಹೌದು, ವಾಲಿತ್ತು. ಸರಿ ಮಾಡ್ದೆ" ಎನ್ನುತ್ತಾರೆ ಅಕ್ಕ, ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತ. ವ್ಯವಸ್ಥಾಪಕರು ಅಡುಗೆಮನೆಯ, ಕಾವಲಿನವರ, ಸ್ವಚ್ಛತೆಯ ಮೇಲ್ವಿಚಾರಕರನ್ನೆಲ್ಲ ಸರದಿಯ ಮೇಲೆ ಇಲ್ಲಿಗೆ ಕಳಿಸುತ್ತಿದ್ದಾರೆ. ಅವರೆಲ್ಲ ಬಂದು ಒಂದು ಬೆಳಗ್ಗೆ ಅಕ್ಕನ ಜೊತೆ ಚಾದರ ಮಡಿಸಿ ಹೋಗುತ್ತಾರೆ. ವ್ಯವಸ್ಥಾಪಕರೂ ಒಮ್ಮೆ ಬಂದು ಮಡಿಸಿದರು. "ಮಡಿಕೆ ಇನ್ನೂ ಸೊಟ್ಟ. ಕಲೀತಾರೆ" ಎನ್ನುವುದು ಅಕ್ಕನ ತೀರ್ಪು.

ಈ ಮಾತೆಲ್ಲ ನಡೆಯುತ್ತಿರುವಾಗಲೇ ಇಸ್ತ್ರಿ ಯಂತ್ರ ಗಕ್ಕನೆ ನಿಲ್ಲುತ್ತದೆ. ಹೋದ ವಾರವಷ್ಟೇ ಸೇರಿದ ಹೆಂಗಸೊಬ್ಬಳು ಯಂತ್ರದ ಬಾಯಿಯ ಮುಂದೆ ಬಿಳಚಿಕೊಂಡು ನಿಂತಿದ್ದಾಳೆ. ಅವಳ ಬೆರಳು ಕಂಬಿಗೆ ತಾಗಿದೆ. ಇನ್ನೇನು ಬೈಗುಳ ಬೀಳುತ್ತದೆ ಎಂದು ಅವಳು ತಲೆ ತಗ್ಗಿಸುವಷ್ಟರಲ್ಲಿ ಮೊದಲ ಚಪ್ಪಾಳೆ ಕೇಳುತ್ತದೆ. ಹೊಡೆದದ್ದು ಮೈಕು. ಹಿಂದೆಯೇ ಎಲ್ಲರೂ ಹೊಡೆಯುತ್ತಾರೆ. ಗಾಡಿಯಣ್ಣ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುತ್ತಾನೆ. ದೊಡ್ಡಪ್ಪ ಗೆರೆಯ ಈಚೆಗೆ ಅವಳನ್ನು ಕರೆದು ಅಂಗೈ ಮೇಲೆ ಮಾಡಿ, ಕೆಳಗೆ ಮಾಡಿ ನೋಡುತ್ತಾರೆ. "ಏನೂ ಆಗಿಲ್ಲ. ಕಂಬಿ ಅದರ ಕೆಲಸ ಮಾಡಿದೆ. ನೀರು ಕುಡಿದು ಬಾರಮ್ಮ" ಎನ್ನುತ್ತಾರೆ. ಹೊಸಬಳಿಗೆ ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ಅವಳಿಗೇ ತಿಳಿದಂತಿಲ್ಲ.

"ಮುಂಚೆ ಮೆಷಿನ್ ನಿಂತ್ರೆ ಬೈಗುಳ. ಈಗ ಚಪ್ಪಾಳೆ" ಎನ್ನುತ್ತಾರೆ ಮಡಿಕೆಯಕ್ಕ. "ದೊಡ್ಡಪ್ಪನೇ ಶುರು ಮಾಡಿದ್ದು."

ಉರುಳೆ ಮತ್ತೆ ತಿರುಗತೊಡಗುತ್ತದೆ. ಮೇಲಿನ ವಾರ್ಡುಗಳಿಂದ ಫೋನು ಬರಲು ಶುರುವಾಗಿದೆ. ಇಷ್ಟೆಲ್ಲ ಮಾಡಿದ ನಿಮಗೆ ಪ್ರಶಸ್ತಿ ಗಿಶಸ್ತಿ ಏನಾದರೂ ಬಂದಿದೆಯಾ ಎಂದು ಕೇಳಿದರೆ, ಅಕ್ಕ ಆ ಪ್ರಶ್ನೆ ಬೇರೆ ಯಾರಿಗೋ ಎಂಬಂತೆ ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ. ಆಮೇಲೆ ಕತ್ತು ಉದ್ದ ಮಾಡಿ, ಯಂತ್ರದ ಮುಂದೆ ಆಡುತ್ತಿರುವ ಕೈಗಳನ್ನು ಈ ತುದಿಯಿಂದ ಆ ತುದಿಯವರೆಗೆ ತೋರಿಸುತ್ತಾರೆ.

"ನಮ್ಮ ಪಾಳೀಲಿ ಎಲ್ಲರಿಗೂ ಹತ್ತು ಬೆರಳಿದೆ. ಬೇಕಾದ್ರೆ ಎಣಿಸ್ಕೊಳ್ಳಿ."